ಮಾಗ್ದಲೀನಾ ತೊಳೆದ ಇಪ್ಪತ್ತನಾಲ್ಕು ಬಾಟಲಿ

ಬಾಟಲಿ ತೊಳೆಯುವುದೂ ಒಂದು ಕೆಲಸವೇ ಎಂದು ಮೂಗು ಮುರಿಯುವವರು ಮಾಗ್ದಲೀನಾಳ ಪಕ್ಕದಲ್ಲಿ ಅರ್ಧ ಗಂಟೆ ನಿಂತು ನೋಡಬೇಕಿತ್ತು. ಮೊದಲು ನಲ್ಲಿ ನೀರು. ಆಮೇಲೆ ಆ್ಯಸಿಡ್. ಮತ್ತೆ ನಲ್ಲಿ ನೀರು ಐದು ಸಲ, ಕೊನೆಗೆ ಬಟ್ಟಿ ಇಳಿಸಿದ ನೀರು ಮೂರು ಸಲ. ನಡುವೆ ಯಾರಾದರೂ ಮಾತಾಡಿಸಿ ಎಣಿಕೆ ತಪ್ಪಿದರೆ ಅವರ ಕಡೆ ಒಂದು ಸಲ ಕೆಂಗಣ್ಣು ಬಿಟ್ಟು ಮೊದಲಿನಿಂದ ಶುರು. ತೊಳೆದ ಬಾಟಲಿಯನ್ನು ಕಿಟಕಿಯ ಬೆಳಕಿಗೆ ಹಿಡಿಯುವಳು. ನೀರು ಒಳಗೋಡೆಯ ಮೇಲೆ ಹನಿಹನಿಯಾಗಿ ಒಡೆಯದೆ ಒಂದೇ ಪರದೆಯಾಗಿ ಇಳಿದರೆ ಮಾತ್ರ "ಆತು" ಎನ್ನುವಳು. ಒಂದು ಹನಿ ನಿಂತರೂ ಅದು ಪುನಃ ಆ್ಯಸಿಡ್ಡಿಗೆ ಹೋಗುತ್ತಿತ್ತು.

ಅವಳು ಕೆಲಸ ಮಾಡುತ್ತಿದ್ದದ್ದು ದಾಂಡೇಲಿಯ ಹಳಿಯಾಳ ರಸ್ತೆಯ ಬದಿಗಿದ್ದ, ಹೆಂಚಿನ ಮಾಡಿನ ಮೂರು ಕೋಣೆಯ ಒಂದು ಪ್ರಯೋಗಶಾಲೆಯಲ್ಲಿ. ಕಾಗದಕ್ಕೆ ಹಾಕುವ ಬಣ್ಣ ಮಾರುವ ಸಣ್ಣದೊಂದು ಕಂಪನಿ ಅದನ್ನು ನಡೆಸುತ್ತಿತ್ತು. ಮಾಗ್ದಲೀನಾಳ ತವರು ಸಾಂಬ್ರಾಣಿ ಹತ್ತಿರದ ಹಳ್ಳಿ. ಸಿದ್ದಿಯರ ಮನೆತನ, ರವಿವಾರ ಇಗರ್ಜಿಗೆ ಹೋಗುವ ಮಂದಿ. ಮೂರನೇ ಇಯತ್ತೆ ಓದಿದ್ದಳು. ಅಂಕಿ ಚೆನ್ನಾಗಿ ಬರುತ್ತಿತ್ತು, ಅಕ್ಷರ ಕೂಡಿಸಿ ಕೂಡಿಸಿ ಓದುತ್ತಿದ್ದಳು. 1978ರಲ್ಲಿ ದಿನಗೂಲಿಗೆ ಸೇರಿದವಳು ಆರು ವರ್ಷ ಕಳೆದರೂ ದಿನಗೂಲಿಯಲ್ಲೇ ಇದ್ದಳು. ಗಂಡ ಲಾರೆನ್ಸ್ ಬಿದಿರಿನ ಲಾರಿ ಇಳಿಸುವ ಹಮಾಲ. ಅವನ ಬೆನ್ನು ಆಗಲೇ ಸೋತು ವಾರಕ್ಕೆ ಮೂರು ದಿನ ಮಲಗಿಸುತ್ತಿತ್ತು. 1984ರ ಮಳೆಗಾಲದಲ್ಲಿ ಕಂಪನಿ ಒಬ್ಬ ತೊಳೆಯುವವಳನ್ನು ಕಾಯಂ ಮಾಡುವುದಾಗಿ ಹೇಳಿದಾಗ ಗಂಡ ಹೆಂಡತಿ ಇಬ್ಬರೂ ಆ ಒಂದು ಕಾಗದದ ದಾರಿ ಕಾಯತೊಡಗಿದರು. ಅದು ಬಂದರೆ ಲಾರೆನ್ಸ್ ಲಾರಿಯ ಕೆಲಸ ಬಿಡಬಹುದಿತ್ತು.

ಕಾಯಂ ಮಾಡುವುದು ಬಿಡುವುದು ಪ್ರಯೋಗಶಾಲೆಯ ಮುಖ್ಯಸ್ಥ ಮಹಾಂತಪ್ಪನವರ ಕೈಯಲ್ಲಿತ್ತು. ಮಹಾಂತಪ್ಪನವರು ಧಾರವಾಡ ಕಡೆಯವರು. ಇಸ್ತ್ರಿ ಅಂಗಿ, ಜೇಬಿನಲ್ಲಿ ಎರಡು ಪೆನ್ನು. ಕೆಟ್ಟ ಮನುಷ್ಯರೇನಲ್ಲ. ಆದರೆ ಯಾರನ್ನಾದರೂ ಒಮ್ಮೆ ಇಂಥವರು ಎಂದು ತಲೆಯಲ್ಲಿ ಬರೆದುಕೊಂಡರೆ ಅಳಿಸುವ ರೂಢಿ ಅವರಿಗೆ ಇರಲಿಲ್ಲ.

ಇನ್ನು ಕೌದಿಯ ವಿಷಯ ಹೇಳಬೇಕು, ಏಕೆಂದರೆ ಎಲ್ಲ ರಗಳೆಗೂ ಅದೇ ಮೂಲ. ತೊಳೆದ ಬಾಟಲಿಗಳನ್ನು ಮೊದಲು ಸಿಮೆಂಟಿನ ಕಟ್ಟೆಯ ಮೇಲೆ ಬೋರಲು ಹಾಕುತ್ತಿದ್ದರು. ಬಾಯಂಚು ಚಕ್ಕೆಯೇಳುತ್ತಿತ್ತು. ಅದನ್ನು ನೋಡಲಾರದೆ ಮಾಗ್ದಲೀನಾ ಮನೆಯಲ್ಲಿ ಕೂತು, ಹಳೆ ಬಟ್ಟೆಯ ತುಂಡುಗಳನ್ನು ಜೋಡಿಸಿ, ಕಟ್ಟೆಗೆ ಸರಿಹೊಂದುವ ಪುಟ್ಟ ಕೌದಿಯೊಂದನ್ನು ಹೊಲಿದು ತಂದು ಹಾಸಿದಳು. ಬರೀ ಬಿಳಿ ತುಂಡುಗಳನ್ನೇ ಆರಿಸಿದ್ದಳು. ಬಣ್ಣದ ಬಟ್ಟೆ ಪ್ರಯೋಗಶಾಲೆಗೆ ಆಗದು ಎಂಬಷ್ಟು ಬುದ್ಧಿ ಅವಳಿಗಿತ್ತು. ಕೊನೆಗೆ ನಾಲ್ಕು ಮೂಲೆಗೆ ನಾಲ್ಕು ಫೂಲ ಇಟ್ಟಳು. ಫೂಲ ಎಂದರೆ ಬಟ್ಟೆಯನ್ನು ಮುಕ್ಕೋನಕ್ಕೆ ಮಡಚಿ, ಮೇಲಿಂದ ಮೇಲೆ ಪದರ ಕೂರಿಸಿ ಹೊಲಿಯುವ ಹೂವು. ಸಿದ್ದಿ ಹೆಂಗಸರು ಫೂಲವಿಲ್ಲದೆ ಕೌದಿಯನ್ನು ಕೈಯಿಂದ ಬಿಡುವುದಿಲ್ಲ. ಮೂಲೆ ಖಾಲಿ ಬಿಟ್ಟರೆ ಕೌದಿ ಬತ್ತಲೆ ನಿಂತಂತೆ ಎನ್ನುತ್ತಾರೆ.

ಆ ಫೂಲಗಳಿಗೆ ಅವಳು ಬಳಸಿದ್ದು ಅವ್ವ ಕಾತರಿನಾಳ ಸೀರೆ. ಮಾಗ್ದಲೀನಾಳ ಮದುವೆಗೆ ಉಡಲು ಕಾತರಿನಾ ಒಂದು ಬಿಳಿ ಸೀರೆ ಕೊಂಡು, ಹಳಿಯಾಳದ ಸಂತೆಯಿಂದ ಗುಲಾಬಿ ಬಣ್ಣದ ಪುಡಿ ತಂದು, ಹಂಡೆಯಲ್ಲಿ ಕುದಿಸಿ ಬಣ್ಣ ಹಾಕಿದ್ದಳು. ಮದುವೆ ಮುಗಿದ ಮೇಲೆ ಅದನ್ನೇ ಉಟ್ಟು ಹತ್ತು ವರ್ಷ ಹೊಲಕ್ಕೆ ಹೋದಳು. ಅವಳು ತೀರಿಕೊಂಡಾಗ ಆ ಸೀರೆಯಲ್ಲಿ ಗುಲಾಬಿಯ ಸುಳಿವೂ ಇರಲಿಲ್ಲ. ಬೂದಿ ಬಿಳುಪಿನ ಬಟ್ಟೆ, ಅಷ್ಟೆ. ಮಾಗ್ದಲೀನಾ ಅದನ್ನು ಹರಿದು ಇಟ್ಟುಕೊಂಡಿದ್ದಳು. ತಾನು ಹೊಲಿದ ಪ್ರತಿ ಕೌದಿಯಲ್ಲೂ ಅದರದೊಂದು ತುಂಡು ಇರಬೇಕೆಂಬುದು ಅವಳ ಆಸೆ.

ಅದೇ 1984ರಲ್ಲಿ ಲಗಮಪ್ಪ ಎಂಬ ಹುಡುಗಾಟದ ಮುಖದ, ಮೂವತ್ತರೊಳಗಿನ ರಸಾಯನಶಾಸ್ತ್ರದವನೊಬ್ಬ ಅಲ್ಲಿಗೆ ಬಂದ. ಬೈಲಹೊಂಗಲ ಕಡೆಯವನು. ಹಗಲು ಕಂಪನಿಯ ಕೆಲಸ, ಉಳಿದ ಹೊತ್ತು ಧಾರವಾಡದಲ್ಲಿ ಹೆಸರು ಹಚ್ಚಿದ್ದ ಪಿಎಚ್.ಡಿ. ಅವನ ವಿಷಯ ಕೇಳಿದವರು ತಲೆ ಕೆರೆದುಕೊಳ್ಳುತ್ತಿದ್ದರು, ಆದರೆ ಅದು ಅಷ್ಟೇನೂ ಕಬ್ಬಿಣದ ಕಡಲೆಯಲ್ಲ. ಬಣ್ಣದ ನೀರಿಗೆ ಲೇಸರ್ ಬೆಳಕು ಬಿಟ್ಟರೆ, ಚದುರಿ ಬರುವ ಬೆಳಕಿನಲ್ಲಿ ಆ ಬಣ್ಣಕ್ಕೇ ಸೇರಿದ ಕೆಲವು ರಾಮನ್ ಗೆರೆಗಳು ಸಿಗುತ್ತವೆ. ಗೆರೆ ನೋಡಿ ಇದು ಇಂಥದೇ ಬಣ್ಣ ಎಂದು ಗುರುತು ಹಿಡಿಯಬಹುದು. ಆದರೆ ಅವು ತೀರಾ ಬಡಕಲು ಗೆರೆಗಳು. ಅದೇ ಬಣ್ಣ ಬೆಳ್ಳಿಯ ಅತಿ ಸಣ್ಣ ಕಣಗಳ ಮೈಗೆ ಅಂಟಿದ್ದರೆ ಗೆರೆಗಳು ಲಕ್ಷಪಟ್ಟು ಜೋರಾಗುತ್ತವೆಂದು ಕೆಲವೇ ವರ್ಷಗಳ ಹಿಂದೆ ಹೊರದೇಶದಲ್ಲಿ ಕಂಡುಕೊಂಡಿದ್ದರು. ಹಾಗಾದರೆ ಎಷ್ಟು ಕಡಿಮೆ ಬಣ್ಣವಿದ್ದರೂ ಹಿಡಿಯಬಹುದು? ಎಲ್ಲಿಗೆ ಬಂದರೆ ಇನ್ನು ಸಾಧ್ಯವಿಲ್ಲ ಎಂದು ಕೈಚೆಲ್ಲಬೇಕು? ಆ ಗಡಿಗೆ ಪತ್ತೆ ಮಿತಿ ಎನ್ನುತ್ತಾರೆ. ಗುಲಾಬಿ ಕಾಗದಕ್ಕೆ ಹಾಕುವ ರೋಡಮಿನ್ ಎಂಬ ಬಣ್ಣದ ಪತ್ತೆ ಮಿತಿಯನ್ನು ಅಳೆಯುವುದು ಲಗಮಪ್ಪನ ಕೆಲಸವಾಗಿತ್ತು.

ಅವನು ಬಣ್ಣದ ಗಾಳಿ ಸೋಕದಂತೆ ಹಿಂದಿನ ಕೋಣೆಯನ್ನು ಬೇರೆ ಮಾಡಿಕೊಂಡ. ಹೊಸ ಇಪ್ಪತ್ತನಾಲ್ಕು ಬಾಟಲಿ ತರಿಸಿ, ಗಾಜಿನ ಮೇಲೆ ಒಂದರಿಂದ ಇಪ್ಪತ್ತನಾಲ್ಕರ ತನಕ ಅಂಕಿ ಕೊರೆಸಿದ. ಯಾವ ಅಂಕಿಯ ಬಾಟಲಿಗೆ ಏನು ಎಂಬುದು ಸಲಕ್ಕೊಂದು ರೀತಿ, ಅದನ್ನು ಪುಸ್ತಕದಲ್ಲಿ ಬರೆದಿಡುತ್ತಿದ್ದ. ಒಂದು ಬಾಟಲಿಯಲ್ಲಿ ಬಣ್ಣ. ಅದರ ಒಂದು ಪಾಲಿಗೆ ಒಂಬತ್ತು ಪಾಲು ನೀರು ಸೇರಿಸಿದರೆ ಎರಡನೇ ಹೆಜ್ಜೆ. ಅದರ ಒಂದು ಪಾಲಿಗೆ ಮತ್ತೆ ಒಂಬತ್ತು ಪಾಲು, ಹೀಗೆ ಹತ್ತು ಹೆಜ್ಜೆ. ಐದನೇ ಹೆಜ್ಜೆಯ ತನಕ ಕಣ್ಣಿಗೆ ಗುಲಾಬಿ ಕಾಣುತ್ತಿತ್ತು. ಆರನೆಯದು ಹೌದೋ ಅಲ್ಲವೋ ಎಂಬಂತೆ. ಏಳರಿಂದ ಮುಂದೆ ಬರೀ ನೀರು. ಇವುಗಳ ಜೊತೆಗೆ ಬಣ್ಣವನ್ನೇ ಹಾಕದ ಬಾಟಲಿಗಳು ಕೆಲವು. ಅವಕ್ಕೆ ಬ್ಲ್ಯಾಂಕ್ ಎನ್ನುತ್ತಿದ್ದ. ಎಲ್ಲವನ್ನೂ ಹುಲ್ಲು ತುಂಬಿದ ಕಟ್ಟಿಗೆಯ ಪೆಟ್ಟಿಗೆಯಲ್ಲಿಟ್ಟು, ಹದಿನೈದು ದಿನಕ್ಕೊಂದು ಶನಿವಾರ ಧಾರವಾಡದ ಬಸ್ಸಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ಹೋಗುತ್ತಿದ್ದ. ಇಲ್ಲೇ ಕಾಸಿ ಒಯ್ದ ಬೆಳ್ಳಿಯ ದ್ರಾವಣವನ್ನು ಅಲ್ಲಿ ಬೆರೆಸಿ ಯಂತ್ರಕ್ಕೆ ಕೊಟ್ಟರೆ, ಉದ್ದನೆಯ ಕಾಗದದ ಪಟ್ಟಿಯ ಮೇಲೆ ಪೆನ್ನು ಗೆರೆ ಬರೆಯುತ್ತಿತ್ತು. ಬಣ್ಣವಿದ್ದರೆ ಗೆರೆ ಮೇಲೇಳುತ್ತದೆ, ಇಲ್ಲದಿದ್ದರೆ ಮಲಗಿಯೇ ಇರುತ್ತದೆ.

"ಬಣ್ಣಾನ ಇಲ್ಲದ ನೀರು ಯಾಕ ಒಯ್ತೀರಿ, ಸರ? ಬಸ್ಸಿನ್ಯಾಗ ಭಾರ ಅಷ್ಟ," ಎಂದು ಮಾಗ್ದಲೀನಾ ಒಮ್ಮೆ ಕೇಳಿದಳು.

"ಅದ ಮುಖ್ಯ, ಅಕ್ಕಾರ. ಏನೂ ಇಲ್ಲದಾಗನೂ ಪೆನ್ನು ಸುಮ್ಮನಿರೂದಿಲ್ಲ, ನಡಗ್ತೈತಿ. ಆ ನಡುಕ ಎಷ್ಟು ಅಂತ ಮೊದಲ ತಿಳಕೋಬೇಕು. ಅದರ ಮೂರುಪಟ್ಟು ಗೆರೆ ಎದ್ದರ ಮಾತ್ರ ಬಣ್ಣ ಐತಿ ಅಂತ ಎದಿ ತಟ್ಟಿ ಹೇಳಬಹುದು."

ಮಾಗ್ದಲೀನಾ ಕೈಯಲ್ಲಿದ್ದ ಬಾಟಲಿಯನ್ನು ತಿರುವಿ ಬೋರಲು ಹಾಕಿದಳು.

"ಅಡವ್ಯಾಗ ಜೀರುಂಡಿ ಒದರೂ ಮುಂದ ಜಿಂಕಿ ಹೆಜ್ಜಿ ಕೇಳಿದಂಗ ಅನ್ರಿ. ಜೀರುಂಡಿ ಸಪ್ಪಳ ಎಷ್ಟು ಅಂತ ಕಿವಿಗೆ ಗೊತ್ತಿರಬೇಕು."

"ನಮ್ಮ ಗೈಡ್ ಇಷ್ಟು ಚಲೋ ಹೇಳಿಲ್ರಿ," ಎಂದು ಲಗಮಪ್ಪ ನಕ್ಕುಬಿಟ್ಟ. ಆ ದಿನದಿಂದ ಅವಳು ಇಪ್ಪತ್ತನಾಲ್ಕು ಬಾಟಲಿಗಳನ್ನು ಬೇರೆಯವರ ಕೈಗೆ ಕೊಡಲಿಲ್ಲ. ತೊಳೆದು ಕೌದಿಯ ಮೇಲೆ ಸಾಲಿಗೆ ಆರರಂತೆ ನಾಲ್ಕು ಸಾಲು, ಅಂಕಿಯ ಕ್ರಮ ತಪ್ಪದೆ ಬೋರಲು ಹಾಕುವಳು. ಕ್ರಮ ತಪ್ಪಿದರೆ ಅವಳಿಗೆ ಊಟ ಸೇರುತ್ತಿರಲಿಲ್ಲ.

ಅಕ್ಟೋಬರಿನಲ್ಲಿ ಲಗಮಪ್ಪ ಧಾರವಾಡದಿಂದ ಮುಖ ಸಣ್ಣ ಮಾಡಿಕೊಂಡು ಬಂದ. ಬಣ್ಣವೇ ಹಾಕದ ಬ್ಲ್ಯಾಂಕಿನಲ್ಲಿ ರೋಡಮಿನ್ನಿನ ಗೆರೆ ಎದ್ದು ಕುಂತಿತ್ತು. ಬ್ಲ್ಯಾಂಕ್ ಖಾಲಿಯಿಲ್ಲ ಎಂದ ಮೇಲೆ ಮಿತಿಯನ್ನು ಅಳೆಯುವುದು ಹೇಗೆ? ಎಲ್ಲರ ಅನುಮಾನ ಮೊದಲು ಹೋದದ್ದು ಖಂಡೆ ಪೂಜೆಯ, ಅಂದರೆ ಆಯುಧ ಪೂಜೆಯ ಮೇಲೆ. ಹಿಂದಿನ ವಾರವಷ್ಟೇ ನೀರಿನ ಬಟ್ಟಿಗೆ, ತಕ್ಕಡಿಗೆ, ಕೊನೆಗೆ ಗೋಡೆಯ ಗಡಿಯಾರಕ್ಕೂ ಕುಂಕುಮ ಹಚ್ಚಿ ಊದುಬತ್ತಿ ಬೆಳಗಿದ್ದರು. ಪೇಟೆಯ ಕುಂಕುಮದಲ್ಲಿ ಇದೇ ಬಣ್ಣದ ಕಲಬೆರಕೆ ಇರುತ್ತದೆಂದು ಲಗಮಪ್ಪ ಹೇಳಿದ್ದೇ ತಡ, ಬಟ್ಟಿ ನೋಡಿಕೊಳ್ಳುತ್ತಿದ್ದ ಮುದುಕ ಶೇಖಪ್ಪ "ಶಿವಾ, ತಪ್ಪಾತು" ಎಂದು ಕೆನ್ನೆ ಬಡಿದುಕೊಂಡು, ಬಟ್ಟಿಯನ್ನು ಬಿಚ್ಚಿ ಮೂರು ದಿನ ಉಜ್ಜಿದ. ಕುಂಕುಮ ಹೋಯಿತು, ಗೆರೆ ಹೋಗಲಿಲ್ಲ.

ಹೋಗಲಿಲ್ಲ ಎಂದರೆ, ಒಂದು ಬ್ಲ್ಯಾಂಕಿನಲ್ಲಿ ಇರುತ್ತಿತ್ತು, ಇನ್ನೊಂದರಲ್ಲಿ ಇರುತ್ತಿರಲಿಲ್ಲ. ಒಂದು ಶನಿವಾರ ಮೂರಕ್ಕೆ ಮೂರೂ ಸ್ವಚ್ಛ, ಮುಂದಿನ ಸಲ ಮೂರರಲ್ಲಿ ಎರಡು ಕೆಟ್ಟವು. ಹೀಗೆ ಜನವರಿಯ ತನಕ ಎಳೆಯಿತು. ಮಹಾಂತಪ್ಪನವರು ಎಲ್ಲರ ಎದುರು ಮಾಗ್ದಲೀನಾಳನ್ನು ಕರೆದರು.

"ಒಂದು ಬಾಟಲಿ ಚಲೋ ತೊಳೀತಿ, ಒಂದು ಹಂಗ ಬಿಡ್ತಿ. ಅಡವ್ಯಾಗಿದ್ದ ಮಂದಿಗೆ ಸ್ವಚ್ಛ ಅಂದ್ರ ಏನು ಗೊತ್ತಿರ್ತೈತಿ! ನಿನ್ನ ಕಾಯಂ ಕಾಗದ ನನ್ನ ಮೇಜಿನ ಮ್ಯಾಲ ಐತಿ. ಇನ್ನೊಂದು ಸಲ ಬ್ಲ್ಯಾಂಕ್ ಕೆಡಲಿ, ಅದನ್ನ ಕೆಲಸಾ ಕೇಳ್ಕೋತ ಬರೂ ಆ ದುರ್ಗವ್ವನ ಹೆಸರಿಗೆ ಮಾಡ್ತೇನಿ."

ಮಾಗ್ದಲೀನಾಳ ಮುಖಕ್ಕೆ ರಕ್ತ ನುಗ್ಗಿತು. ಕೂಲಿ ಹೋದರೆ ಹೋಗಲಿ ಎನ್ನಬಹುದಿತ್ತು. ಆದರೆ ಆರು ವರ್ಷ ಆ್ಯಸಿಡ್ಡಿನಲ್ಲಿ ಸುಟ್ಟ ಬೆರಳುಗಳಿಗೆ ಸ್ವಚ್ಛ ಗೊತ್ತಿಲ್ಲ ಎಂದದ್ದು, ಅದರ ಜೊತೆಗೆ ತನ್ನ ಮಂದಿಯನ್ನೆಲ್ಲ ಎಳೆದು ತಂದದ್ದು ಅವಳಿಗೆ ನೆತ್ತಿಗೇರಿತು. ಹೊರಬಂದು, ನೇರ ಲಗಮಪ್ಪನ ಕೋಣೆಗೆ ಹೋದಳು.

"ಸರ, ಯಾವ್ಯಾವ ಬಾಟಲಿ ಕೆಟ್ಟಾವ, ನಂಬರ್ ಹೇಳ್ರಿ."

ಲಗಮಪ್ಪ ತನ್ನ ಪುಸ್ತಕ ತೆಗೆದು ತಿಂಗಳು ತಿಂಗಳಿನದು ಓದಿದ. ಆರು. ಇಪ್ಪತ್ತನಾಲ್ಕು. ಒಂದು. ಮತ್ತೆ ಆರು. ಹತ್ತೊಂಬತ್ತು. ಒಂದು. ಇಪ್ಪತ್ತನಾಲ್ಕು. ಚೆನ್ನಾಗಿದ್ದವುಗಳ ಅಂಕಿಯನ್ನೂ ಓದಿಸಿಕೊಂಡಳು. ಅವುಗಳಲ್ಲಿ ಈ ನಾಲ್ಕು ಒಮ್ಮೆಯೂ ಬರಲಿಲ್ಲ.

ತೊಳೆಯುವ ಕಟ್ಟೆಗೆ ಬಂದು ಅವಳು ಬಾಟಲಿಗಳ ಮುಂದೆ ನಿಂತಳು. ಒಂದು ಎಡಗಡೆಯ ಮೇಲಿನ ಮೂಲೆ. ಆರು ಬಲಗಡೆಯ ಮೇಲಿನ ಮೂಲೆ. ಹತ್ತೊಂಬತ್ತು ಮತ್ತು ಇಪ್ಪತ್ತನಾಲ್ಕು ಕೆಳಗಿನ ಎರಡು ಮೂಲೆ. ನಾಲ್ಕರ ಬಾಯಿಯೂ ನಾಲ್ಕು ಫೂಲಗಳ ಮೇಲೆ ಮುಚ್ಚಿಕೊಂಡಿತ್ತು. ಒಂದು ಫೂಲದ ಹೊಲಿಗೆಯನ್ನು ಉಗುರಿನಿಂದ ಬಿಡಿಸಿ ನೋಡಿದಳು. ಹೊರಗಿನ ಪದರ ಬಿಳುಪು, ಒಳಗಿನದೂ ಬಿಳುಪು. ಎಲ್ಲಕ್ಕಿಂತ ಒಳಗೆ, ಬಿಸಿಲು ಕಾಣದ ಮಡಿಕೆಯ ಗೆರೆಯಲ್ಲಿ, ಗುಲಾಬಿ ಎನ್ನಬಹುದೋ ಬೇಡವೋ ಎಂಬಂಥ ಛಾಯೆ. ಹಸಿ ಬಾಯಿಯ ನೀರು ಪ್ರತಿ ದಿನ ಅದನ್ನು ನೆನೆಸುತ್ತಿತ್ತು. ಬಟ್ಟೆ ನೆನೆದರೆ ಬಣ್ಣ ನೀರಿಗೆ ಬರದೆ ಎಲ್ಲಿಗೆ ಹೋಗುತ್ತದೆ!

ಅವಳ ಕೈ ಸ್ವಚ್ಛವಾಗಿಯೇ ಇತ್ತು. ಆದರೆ ತಪ್ಪು ಅವಳದೇ ಆಗಿತ್ತು. ಈಗ ಹೋಗಿ ಹೇಳಿದರೆ ಮಹಾಂತಪ್ಪನವರು ಮೊದಲಿನ ಅರ್ಧ ಬಿಟ್ಟು ಎರಡನೆಯ ಅರ್ಧ ಮಾತ್ರ ಕೇಳಿಸಿಕೊಳ್ಳುತ್ತಾರೆ ಎಂಬುದು ಅವಳಿಗೆ ಗೊತ್ತಿತ್ತು. ಸಂಜೆ ಕೌದಿಯನ್ನು ಮಡಚಿ ಚೀಲಕ್ಕೆ ಹಾಕಿಕೊಂಡು ಮನೆಗೆ ಹೋದಳು. ಲಾರೆನ್ಸ್ ಬಿದಿರು ಸೀಳಿ, ಬಾಟಲಿ ಬೋರಲು ಸಿಗಿಸಲು ಗೂಟಗಳಿದ್ದ ಒಂದು ಚೌಕಟ್ಟು ಮಾಡಿಕೊಟ್ಟ. ಅದನ್ನು ಆ್ಯಸಿಡ್ ನೀರಿನಲ್ಲಿ ತೊಳೆದು ಕಟ್ಟೆಯ ಮೇಲಿಟ್ಟಳು. ಕೌದಿ ಎಲ್ಲಿ ಎಂದು ಯಾರೂ ಕೇಳಲಿಲ್ಲ. ಬಟ್ಟೆ ತುಂಡಿನ ಕಡೆ ಯಾರ ಗಮನ ಇರುತ್ತದೆ?

ಮುಂದಿನ ಸರದಿಯ ಶನಿವಾರ ಆರಕ್ಕೆ ಆರೂ ಬ್ಲ್ಯಾಂಕ್ ಸ್ವಚ್ಛ. ಲಗಮಪ್ಪ ಬಸ್ಸಿಳಿದು ಓಡುತ್ತಲೇ ಬಂದ. ಮಹಾಂತಪ್ಪನವರೂ ಖುಷಿಯಾಗಿ, ಕಾರಣ ಏನೆಂದು ತಾವೇ ಕಂಡುಹಿಡಿದರು. ಅದೇ ವಾರ ನೀರಿನ ಬಟ್ಟಿಗೆ ಹೊಸ ರಬ್ಬರ್ ಕೊಳವೆ ಹಾಕಿದ್ದರು. ಹಳೆಯದನ್ನು ಬದಲಿಸಲು ಶೇಖಪ್ಪನಿಗೆ ಎರಡು ಸಲ ಹೇಳಿದ್ದರೂ ಅವನು ಮರೆತಿದ್ದ. ಪೂಜೆಯ ಕುಂಕುಮ ಆ ಹಳೆ ಕೊಳವೆಯೊಳಗೆ ಉಳಿದಿತ್ತು ಎನ್ನಲು ಅಷ್ಟು ಸಾಕಾಯಿತು. ಮುದುಕನಿಗೆ ಬರುವ ಒಂದನೇ ತಾರೀಖಿನಿಂದ ಬರಬೇಡ ಎಂದರು.

"ನೀರು ಕೆಟ್ಟಿದ್ದರ ಎಲ್ಲಾ ಬಾಟಲಿನೂ ಕೆಡಬೇಕಾಗಿತ್ತಲ್ರಿ," ಎಂದು ಲಗಮಪ್ಪ ಗೊಣಗಿದ.

"ಬಟ್ಟಿಯಿಂದ ಮೊದಲ ಇಳಿಯೂ ನೀರು ಚೆಲ್ಲದ ಹಿಡದಾನ. ಮೊದಲ ತುಂಬಿದ್ದು ಕೆಟ್ಟಾವ, ಕಡೀಕ ತುಂಬಿದ್ದು ಉಳದಾವ. ಮುಗೀತಲ್ಲ, ನಿನ್ನ ಕೆಲಸಾ ನೋಡು," ಎಂದರು ಮಹಾಂತಪ್ಪ.

ಶೇಖಪ್ಪ ಬಾಟಲಿ ತೊಳೆಯುವ ಕಟ್ಟೆಯ ಹತ್ತಿರ ಕುಕ್ಕರಗಾಲಿನಲ್ಲಿ ಕೂತ. ಅವನ ಕಣ್ಣು ಒದ್ದೆಯಾಗಿರಲಿಲ್ಲ. ಸುಮ್ಮನೆ ಸುಸ್ತಾದವನ ಹಾಗಿದ್ದ.

"ತಂಗಿ, ಕೊಳವಿ ಮರತದ್ದು ಖರೆ. ಆದರ ಮೊದಲ ನೀರು ನಾ ಒಂದು ದಿನಾನೂ ಹಿಡದಿಲ್ಲ ನೋಡು. ಹದಿನಾರು ವರ್ಷ ಆತು."

"ಗೊತ್ತೈತಿ, ಕಾಕಾ," ಎಂದಳು ಮಾಗ್ದಲೀನಾ. ಆ ಒಂದು ಮಾತಿನಿಂದ ಅವಳಿಗೆ ತನ್ನ ಬಗ್ಗೆಯೇ ಹೇಸಿಗೆಯಾಯಿತು. ಗೊತ್ತಿದ್ದೇ ಸುಮ್ಮನಿದ್ದಳಲ್ಲ!

ರವಿವಾರ ಇಗರ್ಜಿಗೆ ಹೋದಳು. ಪಾದ್ರಿಗಳು ಹೇಳಿದ್ದೊಂದೂ ತಲೆಗೆ ಹೋಗಲಿಲ್ಲ. ಮನೆಗೆ ಬಂದು ಲಾರೆನ್ಸನಿಗೆ ಎಲ್ಲ ಹೇಳಿದಳು. ಅವನು ಬೆನ್ನಿಗೆ ಎಣ್ಣೆ ತಿಕ್ಕಿಸಿಕೊಳ್ಳುತ್ತ ಮಲಗಿದ್ದ. ಕಾಯಂ ಕಾಗದ ತಪ್ಪಿದರೆ ನಾಳೆ ಮತ್ತೆ ಬಿದಿರಿನ ಲಾರಿಯೇ ಗತಿ ಎಂಬುದು ಅವನಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಕೊನೆಗೆ, "ಆ ಮುದುಕ ಈ ವಯಸ್ಸಿನ್ಯಾಗ ಎಲ್ಲಿಗೆ ಹೋಗಬೇಕು," ಎಂದಷ್ಟೇ ಹೇಳಿ ಮಗ್ಗುಲು ತಿರುಗಿದ.

ಸೋಮವಾರ ಬೆಳಿಗ್ಗೆ ಮಾಗ್ದಲೀನಾ ಕೌದಿಯನ್ನು ತಂದು ಮಹಾಂತಪ್ಪನವರ ಮೇಜಿನ ಮೇಲೆ ಹಾಸಿದಳು. ನಾಲ್ಕು ಮೂಲೆ ತೋರಿಸಿ, ನಾಲ್ಕು ಅಂಕಿ ಹೇಳಿದಳು. ಶೇಖಪ್ಪನ ತಪ್ಪಿಲ್ಲ ಎಂದಳು. ಅವ್ವನ ಸೀರೆಯ ಬಣ್ಣ ಎಂದಳು.

"ಅಂದ್ರ ಮೊದಲಿಂದ ನಿನಗ ಗೊತ್ತಿತ್ತು?"

"ಮೊದಲಿಂದ ಇಲ್ರಿ. ಮೂರು ವಾರದಿಂದ ಗೊತ್ತಿತ್ತು. ಹೇಳಲಿಲ್ಲ. ಅದು ತಪ್ಪ ಐತಿ."

ಮಹಾಂತಪ್ಪನವರು ಕೌದಿಯನ್ನು ಪೆನ್ನಿನ ತುದಿಯಿಂದ ಸರಿಸಿದರು. ಶೇಖಪ್ಪ ಇರಲಿ, ನೀನು ನಾಳೆಯಿಂದ ಬರುವುದು ಬೇಡ ಎಂದರು. ಲಗಮಪ್ಪ ಏನೋ ಹೇಳಲು ಬಾಯಿ ತೆರೆದ. ಅವನ ಪಿಎಚ್.ಡಿ.ಗೆ ರಜೆ ಕೊಡುವ ಕೈಯೂ ಅದೇ ಆಗಿದ್ದರಿಂದ ಬಾಯಿ ಅಲ್ಲೇ ಮುಚ್ಚಿತು. ಇದನ್ನು ಅವನು ಮುಂದೆ ಎಷ್ಟೋ ವರ್ಷ ನೆನೆದು ನಾಚುತ್ತಿದ್ದ.

ಮಾಗ್ದಲೀನಾ ಆ ದಿನದ ಕೂಲಿಯ ಹೊತ್ತು ಮುಗಿಯುವ ತನಕ ಹೋಗಲಿಲ್ಲ. ಇಪ್ಪತ್ತನಾಲ್ಕು ಬಾಟಲಿಗಳನ್ನೂ ಇಳಿಸಿಕೊಂಡು ಕೂತಳು. ನಲ್ಲಿ ನೀರು, ಆ್ಯಸಿಡ್, ಐದು ಸಲ, ಮೂರು ಸಲ. ಬಿದಿರಿನ ಚೌಕಟ್ಟನ್ನು ಬದಿಗಿಟ್ಟು ಕೌದಿಯನ್ನೇ ಮತ್ತೆ ಹಾಸಿ, ಒಂದರಿಂದ ಇಪ್ಪತ್ತನಾಲ್ಕರ ತನಕ ಮೊದಲಿನ ಹಾಗೆಯೇ ಬೋರಲು ಹಾಕಿದಳು. ಆಮೇಲೆ ಲಗಮಪ್ಪನನ್ನು ಕರೆದಳು.

"ಸರ, ಶನಿವಾರ ಇವನ್ನ ಅಷ್ಟೂ ಒಯ್ರಿ. ಯಾವುದಕ್ಕೂ ಬಣ್ಣ ಹಾಕಬ್ಯಾಡ್ರಿ. ಶೇಖಪ್ಪ ಕಾಕಾನ ನೀರ ತುಂಬ್ರಿ, ಇಪ್ಪತ್ತನಾಲ್ಕೂ ನೋಡ್ರಿ. ನಾಕು ಕೆಡ್ತಾವ. ಉಳಿದ ಇಪ್ಪತ್ತರಾಗ ಒಂದು ಕೆಟ್ಟರೂ ನಾ ಸುಳ್ಳಿ ಅನ್ರಿ."

"ಕೌದಿ, ಅಕ್ಕಾರ?"

"ಒಂದು ಫೂಲ ಬೇಕಾದ್ರ ಕತ್ತರಿಸಿಕೊಳ್ರಿ. ಉಳಿದದ್ದು ಶನಿವಾರದ ಮ್ಯಾಲ ಮನಿಗೆ ಮುಟ್ಟಿಸ್ರಿ. ಅವ್ವನದು ಐತಿ."

ದುರ್ಗವ್ವ ಕೆಲಸಕ್ಕೆ ಬಂದಳು. ಪಾಪ, ಮೈಗಳ್ಳಿಯಲ್ಲ. ಸೋಪಿನ ಪುಡಿ ಹಾಕಿ ತಿಕ್ಕಿ ತಿಕ್ಕಿ ಬಾಟಲಿಗಳನ್ನು ಫಳಫಳ ಹೊಳೆಯಿಸಿದಳು. ಆದರೆ ಹೊಳಪು ಬೇರೆ, ಸ್ವಚ್ಛ ಬೇರೆ. ಅವಳು ತೊಳೆದ ಗಾಜಿನಲ್ಲಿ ಬೆಳ್ಳಿಯ ದ್ರಾವಣ ಕಾಸಿದರೆ ಹಳದಿ ಬೂದು ಬಣ್ಣಕ್ಕೆ ಬರುವ ಬದಲು ಕಪ್ಪಾಗಿ ತಳಕ್ಕೆ ಕೂರುತ್ತಿತ್ತು. ಐದು ವಾರ ಹೀಗೆ ಕಳೆಯಿತು. ಬೆಳ್ಳಿಯ ಉಪ್ಪಿನ ಶೀಶೆ ಖಾಲಿಯಾಗುತ್ತ ಬಂತು. ಮಹಾಂತಪ್ಪನವರು ಕಪ್ಪಾದ ಪಾತ್ರೆಯನ್ನು ಒಂದು ದಿನ ಬೆಳಕಿಗೆ ಹಿಡಿದು ನೋಡಿದರು. ಒಳಗೋಡೆಯ ಮೇಲೆ ನೀರು ಹನಿಹನಿಯಾಗಿ ಒಡೆದು ನಿಂತಿತ್ತು. ಯಾರು ಹಾಗೆ ಹಿಡಿದು ನೋಡುತ್ತಿದ್ದರು ಎಂಬುದು ಅವರಿಗೂ ನೆನಪಾಗಿರಬೇಕು.

"ಆಕಿನ್ನ ಕರಕೊಂಡು ಬಾ," ಎಂದರು ಲಗಮಪ್ಪನಿಗೆ, ಮುಖ ನೋಡದೆ. "ಕಾಯಂ ಕಾಗದಕ್ಕ ಸಹಿ ಮಾಡ್ತೇನಿ ಅಂತ ಹೇಳು. ದುರ್ಗವ್ವ ಬಣ್ಣದ ಕೋಣ್ಯಾಗ ಇರಲಿ."

ಮಾಗ್ದಲೀನಾ ಹೊಲದ ಕೂಲಿಗೆಂದು ತವರಿಗೆ ಹೋಗಿದ್ದಳು. ಕೌದಿಯನ್ನು ಲಗಮಪ್ಪ ಆಗಲೇ ಲಾರೆನ್ಸನ ಕೈಗೆ ಮುಟ್ಟಿಸಿದ್ದ. ಲಗಮಪ್ಪ ಹಳಿಯಾಳದಲ್ಲಿ ಬಸ್ಸು ಬದಲಿಸಿ ಸಾಂಬ್ರಾಣಿಯಲ್ಲಿ ಇಳಿದು, ಕೇಳುತ್ತ ಕೇಳುತ್ತ ಹೊಲಕ್ಕೆ ಹೋದ. ಅವಳು ಉಡಿ ಕಟ್ಟಿಕೊಂಡು ಹತ್ತಿ ಬಿಡಿಸುತ್ತಿದ್ದಳು. ಅವನನ್ನು ನೋಡಿ ಬದುವಿಗೆ ಬಂದಳು. ಅವನು ಬಂದ ವಿಷಯ ಹೇಳಿದ.

"ಬಾಟಲಿ ಏನಾದ್ವು?" ಎಂದು ಕೇಳಿದಳು.

ಲಗಮಪ್ಪ ಚೀಲದಿಂದ ಸುರುಳಿ ಸುತ್ತಿದ ಎರಡು ಕಾಗದದ ಪಟ್ಟಿ ತೆಗೆದ. ಐದು ವಾರದಿಂದ ಅವನ್ನು ತೋರಿಸಬೇಕೆಂದು ಒದ್ದಾಡುತ್ತಿದ್ದವನು. ಬದುವಿನ ಮೇಲೆ ಕೂತು ಮೊದಲನೆಯದನ್ನು ಬಿಡಿಸಿದ. ಈ ತುದಿಯಿಂದ ಆ ತುದಿಯ ತನಕ ಪೆನ್ನು ಸಣ್ಣಗೆ ನಡುಗುತ್ತ ಹೋದ ಗೆರೆ, ಎಲ್ಲೂ ಎದ್ದಿರಲಿಲ್ಲ.

"ಇದು ಹತ್ತನೇ ಬಾಟಲಿ. ಮೂಲ್ಯಾಗಿನ ನಾಕು ಬಿಟ್ಟರ ಇಪ್ಪತ್ತೂ ಹಿಂಗ ಅದಾವ, ಅಕ್ಕಾರ. ಒಂದೂ ಕೆಟ್ಟಿಲ್ಲ. ಈ ಇಪ್ಪತ್ತರ ನಡುಕ ಹಿಡದ ನಾ ಲೆಕ್ಕಾ ಹಾಕೇನಿ. ಒಂಬತ್ತನೇ ಹೆಜ್ಜಿ ತನಕ ಬಣ್ಣ ಸಿಗತೈತಿ, ಹತ್ತನೇದು ಸಿಗೂದಿಲ್ಲ. ನನ್ನ ಪುಸ್ತಕದಾಗಿನ ಮಿತಿ ಅಂದ್ರ ಇದ. ನಿಮ್ಮ ಕೈ ಎಷ್ಟು ಸ್ವಚ್ಛ ಅನ್ನೂದು ಇದರಾಗ ಐತಿ."

ಮಾಗ್ದಲೀನಾ ಆ ಗೆರೆಯ ಮೇಲೆ ಬೆರಳಾಡಿ ನೋಡಿದಳು. ಹತ್ತಿಯ ಸಿಪ್ಪೆ ತಾಗಿ ಬೆರಳ ತುದಿ ಒಡೆದಿತ್ತು.

"ಮತ್ತ ಇನ್ನೊಂದು?"

ಎರಡನೆಯ ಪಟ್ಟಿಯಲ್ಲಿ ಗೆರೆ ಸುಮ್ಮನೆ ಹೋಗುತ್ತಿದ್ದದ್ದು ಒಮ್ಮೆಲೇ ಎದ್ದು ಇಳಿದಿತ್ತು. ಆಮೇಲೆ ಮತ್ತೊಂದು, ಅದರಾಚೆ ಒತ್ತಾಗಿ ಮೂರು.

"ಇದು ಫೂಲದ ಒಂದು ಎಳಿ. ಒಂದ ಎಳಿ, ನೀರಿನ್ಯಾಗ ಅದ್ದಿ ತೆಗದೇನಿ. ಕಣ್ಣಿಗೆ ಏನೂ ಕಾಣಲಿಲ್ಲ. ಇದು ನಿಮ್ಮ ಅವ್ವ ಹಾಕಿದ ಬಣ್ಣ."

ಕಾತರಿನಾ ಸತ್ತು ಒಂಬತ್ತು ವರ್ಷವಾಗಿತ್ತು. ಅವಳದೊಂದು ಫೋಟೋ ಕೂಡ ಯಾರ ಹತ್ತಿರವೂ ಇರಲಿಲ್ಲ. ಮಾಗ್ದಲೀನಾ ಪಟ್ಟಿಯನ್ನು ಕೈಗೆ ತೆಗೆದುಕೊಂಡು ಎದ್ದ ಗೆರೆಗಳನ್ನು ಒಂದೊಂದಾಗಿ ಎಣಿಸಿದಳು. ಐದು ಇದ್ದವು. ಎರಡನೇ ಸಲ ಎಣಿಸುವಾಗ ಎಣಿಕೆ ತಪ್ಪಿತು, ಕಣ್ಣು ಒರೆಸಿಕೊಂಡು ಮೊದಲಿನಿಂದ ಎಣಿಸಿದಳು.

ಆಮೇಲೆ ಸಪಾಟು ಗೆರೆಯ ಪಟ್ಟಿಯನ್ನು ಸುರುಳಿ ಸುತ್ತಿ ಲಗಮಪ್ಪನ ಕೈಗೆ ತಿರುಗಿ ಕೊಟ್ಟಳು.

"ಇದನ್ನ ಮಹಾಂತಪ್ಪ ಸಾಹೇಬರಿಗೆ ಕೊಡ್ರಿ. ಸ್ವಚ್ಛ ಅಂದ್ರ ಹೆಂಗ ಇರ್ತೈತಿ, ಅವರು ನೋಡಲಿ. ನೋಡಿದ್ರು ಅಂತ ನೀವು ಬಂದು ಹೇಳಿದ ಮ್ಯಾಲ ನಾ ಬರ್ತೇನಿ." ಇನ್ನೊಂದು ಪಟ್ಟಿಯನ್ನು ಸೆರಗಿನಲ್ಲಿ ಕಟ್ಟಿಕೊಂಡಳು. "ಇದು ನನಗ ಇರಲಿ."

ನಾಲ್ಕನೇ ದಿನ ಲಗಮಪ್ಪ ಮತ್ತೆ ಬಂದ, ಅವಳು ಅವನ ಜೊತೆ ಬಸ್ಸು ಹತ್ತಿದಳು. ಮಹಾಂತಪ್ಪನವರು ತಪ್ಪಾಯಿತು ಎಂದು ಬಾಯಿಬಿಟ್ಟು ಹೇಳಲಿಲ್ಲ, ಅಂದೂ ಇಲ್ಲ, ಮುಂದೂ ಇಲ್ಲ. ಕಾಯಂ ಕಾಗದಕ್ಕೆ ಸಹಿ ಹಾಕಲು ಅವಳು ಕೋಣೆಯೊಳಗೆ ಹೋದಾಗ, ಮೇಜಿನ ಗಾಜಿನ ಅಡಿಯಲ್ಲಿ, ದೇವರ ಫೋಟೋದ ಪಕ್ಕಕ್ಕೆ, ಹತ್ತನೇ ಬಾಟಲಿಯ ಗೆರೆ ಉದ್ದಕ್ಕೆ ಮಲಗಿತ್ತು. ಅವಳು ಬಗ್ಗಿ ಅದರ ಮೇಲೆಯೇ ಕಾಗದವಿಟ್ಟು ತನ್ನ ಹೆಸರನ್ನು ಅಕ್ಷರ ಕೂಡಿಸಿ ಬರೆದಳು.